ವಿಕಾಸ ಬೇಡವೆಂದವಳು

ಕಲ್ಯಾಣದ ಶಾಲೆಯಲ್ಲಿರುವ ವಿನೋದಾ ಅಕ್ಕೋರಿಗೆ ವಾಗ್ಳೆ ಎಸ್ಟೇಟಿನ ಸಾಬವ್ವ ಕೈ ಮುಗಿದು ಬರೆಸಿದ್ದು,

ನಿಮ್ಮ ಮೇಲೆ ಕೊಟ್ಟ ಆ ಅರ್ಜಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಸಹಿ ನನ್ನದು. ನೀವು ನೋಡಿರುತ್ತೀರಿ. ಅರವತ್ತಮೂರು ಸಹಿಗಳಲ್ಲಿ ಪೆನ್ನು ಒತ್ತಿ ಬರೆದದ್ದು ಅದೊಂದೇ, ಹಾಳೆ ತಿರುಗಿಸಿದರೆ ಹಿಂದೆಯೂ ಮೂಡಿರುತ್ತದೆ. ನೆರೂಳದಿಂದ ಒಂದು ಲೋಕಲ್ ಹಿಡಿದು ನಮ್ಮ ಠಾಣೆಯ ಶಾಲೆಗೆ ಬರುತ್ತಿದ್ದವರು ನೀವು. ಈಗ ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಕಲ್ಯಾಣದ ಲೋಕಲ್ಲಿಗೆ ಇನ್ನೊಮ್ಮೆ ಗುದ್ದಾಡಬೇಕು. ನನ್ನ ಮೂರಕ್ಷರದ ಹೆಸರು ನಿಮಗೆ ದಿನಕ್ಕೆ ಎರಡು ಲೋಕಲ್ ಹೆಚ್ಚು ಮಾಡಿತು. ಹೋಗಲೊಂದು, ಬರಲೊಂದು.

ಈ ಕಾಗದವನ್ನು ನಾನು ಹೇಳುತ್ತಿದ್ದೇನೆ, ನನ್ನ ಮೊಮ್ಮಗಳು ಅನಘ ಬರೆಯುತ್ತಿದ್ದಾಳೆ. ನಿಮ್ಮ ಹತ್ತನೇ ಇಯತ್ತೆಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ, ಉಗುರು ಕಚ್ಚುವ ಅನಘ. ನಾನು ‘ಬಂದೀನಿ’ ಅಂದರೆ ಅವಳು ‘ಬಂದಿದ್ದೇನೆ’ ಎಂದು ಬರೆಯುತ್ತಾಳೆ. ಯಾಕವ್ವ ಅಂದರೆ, ‘ಟೀಚರ್ ಲಾಲ್ ಪೆನ್ ಸೇ ಗೋಲ್ ಕರತೀ ಹೈ, ಆಜಿ’ ಎನ್ನುತ್ತಾಳೆ. ನೀವು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದಕ್ಕೆ ಇನ್ನೂ ಹೆದರುತ್ತಾಳೆ ಹುಡುಗಿ. ನನ್ನ ಮಾತು ಬೇಕಾದರೆ ತಿದ್ದಲಿ. ಅಂದಂದು ಯಾರು ಏನು ಆಡಿದರೋ ಅದು ಮಾತ್ರ ಆಡಿದ ಹಾಗೇ ಇರಲಿ ಎಂದು ತಾಕೀತು ಮಾಡಿದ್ದೇನೆ. ಬರೆದದ್ದನ್ನು ಬರೆದ ಹಾಗೆ ಓದದೆ ನನಗೆ ಬೇಕಾದಂತೆ ಓದಿದ್ದಕ್ಕೇ ಇಷ್ಟೆಲ್ಲ ಆಗಿದ್ದು.

ಮೊದಲು ನನ್ನ ಓದಿನ ಕಥೆ ಹೇಳಬೇಕು. ಕೇಳಿದ ಮೇಲೆ ನಗಬೇಕೆನಿಸಿದರೆ ನಗಿ.

ನಾನು ಓದಿದ್ದು ಎರಡನೇ ಇಯತ್ತೆ. ಇಂಡಿ ಕಡೆಯ ನಮ್ಮ ಊರಲ್ಲಿ ಆಗ ಶಾಲೆಗೆಂದು ಬೇರೆ ಮನೆ ಇರಲಿಲ್ಲ, ಹನುಮಪ್ಪನ ಗುಡಿಯ ಕಟ್ಟೆಯೇ ಶಾಲೆ. ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗುವ ಹೊತ್ತಿಗೆ ತಮ್ಮ ಹುಟ್ಟಿದ. ಅವನನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದೆ. ಕೂಸು ಅಳುತ್ತದೆ, ಹೊರಗೆ ನಿಲ್ಲು ಅಂದರು ಮಾಸ್ತರರು. ನಾಲ್ಕು ದಿನ ಹೊರಗೆ ನಿಂತೆ, ಐದನೇ ದಿನ ಹೋಗಲಿಲ್ಲ. ಕೇಳಲು ಯಾರೂ ಬರಲಿಲ್ಲ. ಹಾಗಾಗಿ ಒತ್ತು ಬಂದಲ್ಲಿ ನನ್ನ ಕಣ್ಣು ಹಾರುತ್ತದೆ. ಗುಂಡಿ ಕಂಡ ಆಡು ಹಾರುವ ಹಾಗೆ ಹಾರಿ ಮುಂದಿನ ಅಕ್ಷರದ ಮೇಲೆ ಇಳಿಯುತ್ತದೆ. ನಡುವೆ ಏನಿತ್ತೆಂದು ನಾನೇ ಊಹಿಸಿ ತುಂಬುತ್ತೇನೆ.

ನನ್ನ ಗಂಡ ಯಂಕಪ್ಪ ಇಲ್ಲಿ ನಟ್ಟು ಬೋಲ್ಟಿನ ಕಾರ್ಖಾನೆಗೆ ಸೇರಿ ನನ್ನನ್ನು ಕರೆತಂದಾಗ ಈ ಓಣಿಯಲ್ಲಿ ವಿಜಯಪುರದವರು, ಕಲಬುರಗಿಯವರು, ರಾಯಚೂರಿನವರು ಎಲ್ಲ ಇದ್ದರು, ಕನ್ನಡ ಅಕ್ಷರ ಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ. ಊರಿನಿಂದ ಕಾಗದ ಬಂದರೆ, ಲಗ್ನಪತ್ರಿಕೆ ಬಂದರೆ ನನ್ನ ಬಾಗಿಲಿಗೇ ಬರಬೇಕು. ಲಗ್ನಪತ್ರಿಕೆಯಲ್ಲಿ ಓದುವುದೇನಿದೆ, ಹೆಸರು ಎರಡು ಬದಲಾಗುತ್ತವೆ, ಉಳಿದದ್ದು ಇದ್ದದ್ದೇ. ಮೊದಲ ದೊಡ್ಡ ಅಕ್ಷರ ಹಿಡಿದರೆ ದನಿ ಏರಿಸಿ ಕೊನೆಯ ತನಕ ಓದಿಬಿಡುತ್ತಿದ್ದೆ. ಎಲ್ಲರೂ ‘ಓದಿದಾಕಿ’ ಎಂದು ಕರೆದರು. ಅಂಥ ಹೆಸರು ಒಮ್ಮೆ ಬಂದರೆ ಬಿಡುವ ಹೆಂಗಸು ಯಾರಿದ್ದಾಳೆ ಹೇಳಿ.

ಒಮ್ಮೆ ಮಗ್ಗುಲ ಮನೆಯ ಅನಸೂಯಾಗೆ ಊರಿನಿಂದ ಶಿವಗಣಾರಾಧನೆಯ ಕಾರ್ಡು ಬಂತು. ಯಾರೋ ಹಿರಿಯರು ತೀರಿದ ಮೇಲಿನ ಕಾರ್ಯ. ನಾನು ಅದನ್ನು ಲಗ್ನ ಎಂದು ಓದಿ ಕಳಿಸಿದೆ. ಅವಳು ರೇಷ್ಮೆ ಸೀರೆ ಉಟ್ಟು, ಸ್ಟೀಲಿನ ಹಂಡೆಗೆ ಬಣ್ಣದ ಕಾಗದ ಸುತ್ತಿಸಿ, ಸಾವಿನ ಮನೆಯಲ್ಲಿ ಹೋಗಿ ನಿಂತಳು. ತಿರುಗಿ ಬಂದು ಕೇಳಿದಾಗ ನಾನೇನು ಮಾಡಿದೆ ಗೊತ್ತೆ, ಅಚ್ಚು ಹಾಕಿದವನೇ ಕುರುಡ ಎಂದೆ. ಅವಳು ನಂಬಿದಳು. ಅವತ್ತೇ ನನ್ನ ತಪ್ಪು ಎಂದಿದ್ದರೆ ಇವತ್ತು ಈ ಕಾಗದ ಬರೆಯುವ ಕೆಲಸ ಇರುತ್ತಿರಲಿಲ್ಲ.

ಇನ್ನು ‘ವಿಕಾಸ’ ಎಂಬ ಮಾತಿಗೆ ಬರುತ್ತೇನೆ. ನಮ್ಮ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ. ಪುನರ್ವಿಕಾಸ. ಚಾಳು ಕೆಡವಿ ಇಪ್ಪತ್ತೆರಡು ಮಾಳಿಗೆ ಎಬ್ಬಿಸುತ್ತೇವೆ ಎಂದು ಬಿಲ್ಡರನ ಜನ ಬರುತ್ತಾರೆ, ಪಟ್ಟಿ ಹಿಡಿದು ಖೋಲಿ ಅಳೆಯುತ್ತಾರೆ, ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಾರೆ. ನಂಬರು ಇದ್ದವರಿಗೆ ಮುಂದೆ ಫ್ಲ್ಯಾಟು, ಇಲ್ಲದವರಿಗೆ ಇದ್ದ ಖೋಲಿಯೂ ಇಲ್ಲ. ಅದು ಏಳುವ ತನಕ ಬದಲಾಪುರದ ಆಚೆ ಎಲ್ಲೋ ತಗಡಿನ ಕೆಳಗೆ ಇರಬೇಕಂತೆ. ಎಷ್ಟು ವರ್ಷ ಎಂದು ಕೇಳಿದರೆ ಉತ್ತರ ಕೊಡುವವನು ಫೋನು ಬಂತು ಎಂದು ಎದ್ದು ಹೋಗುತ್ತಾನೆ. ಹಾಗಾಗಿ ‘ವಿಕಾಸ ಬಂತು’ ಅಂದರೆ ನಮ್ಮ ಹೆಂಗಸರು ನಲ್ಲಿಯ ಹತ್ತಿರವೇ ಬಿಂದಿಗೆ ಬಿಟ್ಟು ಓಡಿ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಅಂಬಾದಾಸ ನಿಮಗೆ ಗೊತ್ತು. ನಮ್ಮ ಓಣಿಯಲ್ಲೇ ಹುಟ್ಟಿದವನು, ಈಗ ಓಣಿಯ ಮಂಡಳದ ಅಧ್ಯಕ್ಷ, ವಾರ್ಡಿನ ಚುನಾವಣೆ ಗೆದ್ದು ನಗರಸೇವಕನಾಗಬೇಕೆಂದು ಬಿಳಿ ಅಂಗಿ ಹೊಲಿಸಿಕೊಂಡವನು. ದೀಪಾವಳಿ ರಜೆ ಮುಗಿದ ಮೇಲೆ ಒಂದು ಸಂಜೆ ಹಾಳೆ ಹಿಡಿದುಕೊಂಡು ಬಂದ. ನಾನು ಬಾಗಿಲಲ್ಲಿ ಟೈರಿನ ಟ್ಯೂಬಿನ ಮೇಲೆ ಕೂತಿದ್ದೆ. ಅದಕ್ಕೂ ಹದಿನೈದು ದಿನ ಮೊದಲು ಮೋರಿಯ ಹತ್ತಿರ ಜಾರಿ ಬಿದ್ದು ಬೆನ್ನಿನ ತುದಿಯ ಎಲುಬು ಸೀಳಿತ್ತು. ಡಾಕ್ಟರು ಅದಕ್ಕೆ ಬಾಲದ ಎಲುಬು ಅಂದಿದ್ದರು. ಬಾಲವೇ ಇಲ್ಲದವಳಿಗೆ ಬಾಲದ ಎಲುಬು ಎಲ್ಲಿಂದ ಬಂತು ಎಂದು ನಾನು ಅವರನ್ನೇ ಬೈದು ಬಂದಿದ್ದೆ.

‘ಆಯಿ, ನೀ ಮೊದ್ಲ ಹಾಕು,’ ಅಂದ ಅಂಬಾದಾಸ. ‘ನಿನ್ನ ಸಹಿ ನೋಡಿದ್ರ ಮಂದಿ ತಾವಾಗೇ ಹಾಕ್ತಾರ.’

‘ಓದದ ಹಾಕಾಕ ನಾ ಏನ್ ನಿಮ್ಮವ್ವನಂಗ ಹೆಬ್ಬೆಟ್ಟೇನೋ? ತಾ ಇಲ್ಲಿ,’ ಅಂದೆ.

ಅನಸೂಯಾ ಬಂದಳು, ಇನ್ನೂ ಏಳೆಂಟು ಹೆಂಗಸರು ಬಂದರು. ನಾನು ಕನ್ನಡಕ ಹಾಕಿಕೊಂಡು ಮೇಲಿನ ದೊಡ್ಡಕ್ಷರದ ಸಾಲನ್ನು ದನಿ ಏರಿಸಿ ಓದಿದೆ. ‘ನಮ್ಮ ಮಕ್ಕಳಿಗೆ ಈ ವಿಕಾಸ ಬೇಡ.’

‘ಅಂದ್ರ ಬಿಲ್ಡರ್ ಬ್ಯಾಡ ಅಂತನಾ?’ ಎಂದು ಅನಸೂಯಾ ಕೇಳಿದಳು.

‘ಮತ್ತೇನ? ನಮ್ಮ ಓಣಿಗೆ ಇನ್ಯಾವ ವಿಕಾಸ ಬಂದದ?’ ಅಂದೆ. ಅಂಬಾದಾಸನ ಕಡೆ ತಿರುಗಿ, ‘ಮೂರು ವರ್ಷ ಆ ಬಿಲ್ಡರನ ಹಿಂದ ಛತ್ರಿ ಹಿಡ್ಕೊಂಡು ತಿರಗಿದಿ. ಈಗರ ಬುದ್ಧಿ ಬಂತಲ್ಲಪ್ಪ,’ ಎಂದು ಅವನ ತಲೆ ಸವರಿದೆ.

ಅವನು ಹಾಳೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ‘ಮಕ್ಕಳ ಭವಿಷ್ಯ, ಆಯಿ,’ ಅಂದ. ಅಷ್ಟೇ. ಅವನು ಆಡಿದ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ ನೋಡಿ.

ನಾನು ಒತ್ತಿ ಸಹಿ ಹಾಕಿದೆ. ಎರಡನೆಯದು ನನ್ನ ಮಗ ಸುನಿಲನದು, ಮೂರನೆಯದು ಅನಸೂಯಾಳದು. ಎರಡು ದಿನದಲ್ಲಿ ಅರವತ್ತಮೂರು ಆಯಿತು. ‘ಓದಿದಾಕಿ ಓದ್ಯಾಳ’ ಎಂದೇ ಎಲ್ಲರೂ ಹಾಕಿದರು. ದೊಡ್ಡಕ್ಷರದ ಕೆಳಗೆ ಸಣ್ಣ ಅಕ್ಷರದಲ್ಲಿ ಹತ್ತು ಹನ್ನೆರಡು ಸಾಲು ಇದ್ದವು. ನಾಲ್ಕನೇ ಸಾಲಿನಲ್ಲಿ ನಿಮ್ಮ ಹೆಸರಿತ್ತು. ಅಲ್ಲಿಯ ತನಕ ನಾನು ಇಳಿಯಲೇ ಇಲ್ಲ.

ಮುಂದಿನ ಸೋಮವಾರ ಅನಘ ಶಾಲೆಯಿಂದ ಬಂದವಳು ಚೀಲ ಇಳಿಸದೆ ನನ್ನ ಎದುರು ನಿಂತಳು. ‘ಆಜಿ, ತೂ ಸಹೀ ಕೇಲೀಸ್?’ ಎಂದಳು. ನೀನು ಸಹಿ ಹಾಕಿದೆಯಾ ಎಂದು. ಹೌದು, ಹಾಕಿದೆ, ನಿನ್ನ ಖೋಲಿ ಉಳಿಸಲು ಹಾಕಿದೆ ಅಂದೆ. ‘ಟೀಚರ್ ರೋ ರಹೀ ಥೀ. ಸ್ಟಾಫ್ ರೂಮ್ ಮೇ. ತಿಂಗಳಾ ಮುಗಿಯೋ ತನಕ ಕ್ಲಾಸಿಗೆ ಬರಬ್ಯಾಡ ಅಂದ್ರಂತ,’ ಎಂದಳು. ನೀವು ಅಳುತ್ತಿದ್ದಿರಿ ಎಂದು. ಅವಳ ಬಾಯಲ್ಲಿ ಮೂರು ಭಾಷೆ ಒಟ್ಟಿಗೆ ಬಂದರೆ ಅವಳಿಗೆ ಅಳು ಬಂದಿದೆ ಎಂದೇ ಲೆಕ್ಕ.

ಅರ್ಜಿಯ ಫೋಟೋ ಊರೆಲ್ಲ ಫೋನಿನಲ್ಲಿ ತಿರುಗುತ್ತಿತ್ತು. ನನ್ನ ಮುಂದೆ ಹಿಡಿದು, ‘ವಾಚ. ಬೋಟ್ ಠೇವೂನ್ ವಾಚ,’ ಅಂದಳು. ಬೆರಳಿಟ್ಟು ಓದು ಎಂದು. ನಾನು ಬೆರಳಿಟ್ಟೆ. ಫೋನಿನಲ್ಲಿ ಬೆರಳಿಟ್ಟರೆ ಅಕ್ಷರ ನಿಲ್ಲುವುದಿಲ್ಲ ಅಕ್ಕೋರೆ, ಸರಿದು ಹೋಗುತ್ತದೆ. ಅವಳು ಎರಡು ಬೆರಳಲ್ಲಿ ಹಿಗ್ಗಿಸಿದಳು. ನಾನು ‘ಈ’ ಎಂದು ಓದಿದ್ದ ಜಾಗದಲ್ಲಿ ಎರಡಕ್ಷರ ಪರದೆ ತುಂಬ ನಿಂತವು. ಜೀ. ವ. ‘ನಮ್ಮ ಮಕ್ಕಳಿಗೆ ಜೀವ ವಿಕಾಸ ಬೇಡ.’

ಒತ್ತಕ್ಷರವಾಗಿದ್ದರೆ ನನಗೊಂದು ನೆಪವಾದರೂ ಸಿಗುತ್ತಿತ್ತು. ಅದು ಒಂದನೇ ಇಯತ್ತೆಯ ಮಗು ಓದುವ ಮಾತು.

ಜೀವ ವಿಕಾಸ ಎಂಬುದು ನೀವು ಕಲಿಸುವ ವಿಜ್ಞಾನ ಪಾಠದ ಹೆಸರು ಎಂದು ಆಮೇಲೆ ಅನಘ ಬಿಡಿಸಿ ಹೇಳಿದಳು. ಆ ಪಾಠ ಪುಸ್ತಕದಲ್ಲಿ ಇರಬೇಕೋ ತೆಗೆಯಬೇಕೋ ಎಂದು ದೊಡ್ಡವರೆಲ್ಲ ಟೀವಿಯಲ್ಲಿ ಕೂಗಾಡುತ್ತಿದ್ದದ್ದು, ಚುನಾವಣೆ ಹತ್ತಿರ ಬಂದದ್ದಕ್ಕೆ ಅಂಬಾದಾಸ ಆ ಕೂಗನ್ನು ನಮ್ಮ ಓಣಿಗೂ ತಂದದ್ದು, ಪಾಠ ಬಿಟ್ಟು ಮುಂದೆ ಹೋಗಿ ಎಂದು ನಿಮಗೆ ಎರಡು ಸಲ ಹೇಳಿ ಕಳಿಸಿದ್ದು, ಪುಸ್ತಕದಲ್ಲಿ ಇರುವ ತನಕ ಬಿಡುವುದಿಲ್ಲ ಎಂದು ನೀವು ಹೇಳಿದ್ದು. ‘ಟೀಚರ್ ಮನುಷ್ಯ ಮಂಗನಿಂದ ಬಂದ ಅಂತ ಕಲಿಸ್ಲೇ ಇಲ್ಲ, ಆಜಿ. ಮಂಗಕ್ಕೂ ನಮಗೂ ಬಹಳ ಹಿಂದೆ ಒಬ್ಬಳೇ ಆಜಿ ಇದ್ದಳು ಅಂತ ಕಲಿಸಿದ್ರು.’

ಇಷ್ಟಾದರೂ ನಾನು ಸೋಲಲಿಲ್ಲ. ಏನೋ ಒಂದು ಪಾಠ, ಹೋದರೆ ಹೋಗಲಿ, ಬೇರೆ ಪಾಠ ಇಲ್ಲವೇ ಎಂದು ಗದರಿದೆ. ಆಗ ಹುಡುಗಿ ಮೆಲ್ಲಗೆ ಒಂದು ಮಾತಂದಳು. ‘ಆಜಿ, ಆ ಪಾಠ ಶುರು ಮಾಡಿದ್ದೇ ನೀನು.’

ಶ್ರಾವಣದಲ್ಲಿ ನೀವು ನಮ್ಮ ಮನೆಗೆ ಬಂದಿದ್ದಿರಿ, ನೆನಪಿದೆಯೆ. ಅನಘ ಜ್ವರದಲ್ಲಿ ಮಲಗಿದ್ದಳು, ನೀವು ನೋಟ್ಸು ಕೊಡಲು ಬಂದದ್ದು. ನಾನು ಜೋಳ ಹಸನು ಮಾಡುತ್ತ, ಇದೇನು ಜೋಳವೋ ಜಲ್ಲಿಯೋ ಎಂದು ಅಂಗಡಿಯವನನ್ನು ಬೈಯುತ್ತಿದ್ದೆ. ನೀವು ಪಕ್ಕದಲ್ಲೇ ಕೂತು, ‘ನಿಮ್ಮೂರಲ್ಲಿ ಬೀಜಕ್ಕೆ ಹ್ಯಾಗೆ ಇಡ್ತಿದ್ರಿ ಅಮ್ಮ?’ ಎಂದು ಕೇಳಿದಿರಿ. ನಿಮ್ಮ ಮೈಸೂರು ಕಡೆಯ ಕನ್ನಡ ಬೆಲ್ಲ ಹಾಕಿದ ಸಾರಿನ ಹಾಗೆ, ನನಗೆ ರುಚಿಗೆ ಹೊಂದುವುದಿಲ್ಲ. ಆದರೂ ಐವತ್ತು ವರ್ಷದಲ್ಲಿ ಠಾಣೆಯಲ್ಲಿ ನನ್ನನ್ನು ಒಬ್ಬರು ಹೊಲದ ಬಗ್ಗೆ ಕೇಳಿದ್ದು ಅದೇ ಮೊದಲು. ಹೇಳಿದೆ. ನೀವು ಅದನ್ನೇ ಶಾಲೆಗೆ ಬಂದು ಮಕ್ಕಳಿಗೆ ಹೇಳಿ ಅಂದಿರಿ.

ಬಂದೆ. ಹೊಸ ಇಳಕಲ್ ಸೀರೆ ಉಟ್ಟು ಬಂದೆ. ಶಾಲೆ ಬಿಟ್ಟು ಅರವತ್ತು ವರ್ಷದ ಮೇಲೆ ತರಗತಿಯ ಒಳಗೆ ಕಾಲಿಟ್ಟದ್ದು, ಅದೂ ಬೋರ್ಡಿನ ಕಡೆಗೆ ನಿಂತು. ನನ್ನ ಅವ್ವ ರಾಶಿಗೆ ಮೊದಲು ಹೊಲವೆಲ್ಲ ಒಬ್ಬಳೇ ಅಡ್ಡಾಡುತ್ತಿದ್ದಳು ಎಂದು ಹೇಳಿದೆ. ತೆನೆ ಒತ್ತಾಗಿರಬೇಕು, ದಂಟು ಬಾಗಿರಬಾರದು, ಹುಳ ಮುಟ್ಟಿರಬಾರದು. ಅಂಥ ತೆನೆಯನ್ನೇ ಆರಿಸಿ ಮುರಿದು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು, ತಿನ್ನಲು ಎಷ್ಟೇ ಕಡಿಮೆ ಬಿದ್ದರೂ ಅದನ್ನು ಬೀಸುತ್ತಿರಲಿಲ್ಲ. ವರ್ಷ ವರ್ಷ ಆರಿಸಿ ಆರಿಸಿ ನಮ್ಮ ಹೊಲದ ಜೋಳ ಬದುವಿನ ಆಚೆಯ ಹೊಲದ ಜೋಳದ ಹಾಗೆ ಉಳಿಯಲೇ ಇಲ್ಲ, ಕಾಳು ನೋಡಿಯೇ ಇದು ಸಾಬವ್ವನ ಅವ್ವನ ಹೊಲದ್ದು ಅನ್ನುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು. ‘ಅಮ್ಮ, ಅರ್ಧ ಪಾಠ ನೀವೇ ಮಾಡಿಬಿಟ್ರಿ, ಉಳಿದದ್ದು ನಾನು ಮಾಡ್ತೀನಿ,’ ಅಂದಿರಿ. ನನಗೆ ನಲ್ಲಿಯ ನೀರು ಬರುವ ಹೊತ್ತಾಗಿತ್ತು. ಉಳಿದದ್ದು ಕೇಳದೆ ಎದ್ದು ಬಂದೆ.

ಉಳಿದದ್ದೇ ಅದು. ನನ್ನ ಅವ್ವ ಒಂದು ಹೊಲದಲ್ಲಿ ನಾಲ್ಕು ಸುಗ್ಗಿ ಮಾಡಿದ ಕೆಲಸವನ್ನು ಬಿಸಿಲು, ಚಳಿ, ಹುಳ, ಹಕ್ಕಿ ಎಲ್ಲ ಸೇರಿ ಕೋಟಿ ವರ್ಷದಿಂದ ಎಲ್ಲ ಜೀವಗಳ ಮೇಲೆ ಮಾಡುತ್ತ ಬಂದಿವೆ ಎಂದು ನೀವು ಹೇಳಿದಿರಂತೆ. ಅರ್ಧ ನಾನು ಕಲಿಸಿ, ಇನ್ನರ್ಧ ಕಲಿಸಿದವರ ಮೇಲೆ ಅರ್ಜಿ ಕೊಟ್ಟೆ. ಅವತ್ತು ಮೊದಲ ಸಲ ನನ್ನ ನಾಲಿಗೆಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಚೌಕಶಿ ಇದೆ, ಶಿಕ್ಷಣ ಖಾತೆಯ ಆಫೀಸಿನಲ್ಲಿ ಸಾಹೇಬರು ಎಲ್ಲರನ್ನೂ ಕೇಳುತ್ತಾರೆ ಎಂದು ಗೊತ್ತಾಯಿತು. ಹೋಗುತ್ತೇನೆ ಅಂದೆ. ಸುನಿಲ ತಟ್ಟೆ ಸರಿಸಿ ಎದ್ದ. ‘ಸುಮ್ನ ಕುಂಡ್ರಬೇ ಯವ್ವಾ. ಬಾಗಲಕ್ಕ ನಂಬರ್ ಬರಸೋ ಪಟ್ಟಿ ಅಂಬಾದಾಸನ ಕೈಯಾಗ ಅದ. ಟೀಚರಿಗೆ ಇನ್ನೊಂದು ಶಾಲಿ ಸಿಗ್ತದ. ನಮಗ ಇನ್ನೊಂದು ಖೋಲಿ ಸಿಗ್ತದೇನು?’ ಅವನು ಹೇಳಿದ್ದು ತಪ್ಪಲ್ಲ. ಹಮಾಲಿ ಮಾಡಿ ಬೆನ್ನು ಬಗ್ಗಿಸಿಕೊಂಡವನು. ಆದರೂ ಟ್ಯೂಬು ಕಂಕುಳಲ್ಲಿ ಇಟ್ಟುಕೊಂಡು ಶೇರ್ ರಿಕ್ಷಾ ಹತ್ತಿದೆ. ಹಿಂದೆ ಕಂಕುಳಲ್ಲಿ ತಮ್ಮನಿದ್ದ ಹಾಗೆಯೇ. ಈ ಸಲ ಹೊರಗೆ ನಿಲ್ಲುವುದಿಲ್ಲ ಎಂದುಕೊಂಡೆ.

ಆಫೀಸಿನ ಪಡಸಾಲೆಯಲ್ಲಿ ಒಂದೂ ಕುರ್ಚಿ ಖಾಲಿ ಇರಲಿಲ್ಲ. ನೀವು ಕಿಟಕಿಯ ಪಕ್ಕ ಫೈಲು ಎದೆಗೊತ್ತಿಕೊಂಡು ಕೂತಿದ್ದಿರಿ. ನಾನು ಬಂದದ್ದು ನೋಡಿ ಎದ್ದಿರಿ. ನಾನೇ ಮೊದಲ ಸಹಿಯವಳೆಂದು ನಿಮಗೆ ಗೊತ್ತಿತ್ತು. ಆದರೂ ಕುರ್ಚಿ ನನ್ನ ಕಡೆ ಎಳೆದು, ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಅದರ ಮೇಲೆ ಸರಿಯಾಗಿ ಇಟ್ಟು, ಗೋಡೆಗೆ ಒರಗಿ ನಿಂತಿರಿ. ಮುಕ್ಕಾಲು ತಾಸು ನೀವು ನಿಂತಿರಿ, ನಾನು ಕೂತೆ. ಜಗಳವಾಡಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಇಡೀ ಓಣಿ ನನ್ನ ಬಾಯಿಗೆ ಹೆದರುತ್ತದೆ. ಅವತ್ತು ‘ಅಕ್ಕೋರ, ತಪ್ಪಾತು’ ಎನ್ನುವ ಎರಡು ಮಾತು ಈ ಬಾಯಿಂದ ಹೊರಡಲಿಲ್ಲ. ಆ ಎರಡು ಮಾತಿನ ಸಲುವಾಗಿಯೇ ಈ ಕಾಗದ.

ಒಳಗೆ ಸಾಹೇಬರ ಮುಂದೆ ಎಲ್ಲ ಹೇಳಿದೆ. ಓದಲು ಬಾರದೆ ಓದಿದೆ, ಜನಕ್ಕೂ ತಪ್ಪು ಓದಿ ಹೇಳಿದೆ, ನನ್ನ ಸಹಿ ಅಳಿಸಿ ಅಂದೆ. ಅವರು ಕೆಟ್ಟವರಲ್ಲ, ನೀರು ತರಿಸಿ ಕೊಟ್ಟರು. ‘ಆಜೀ, ಏಕ ಸಹೀ ಗೇಲೀ. ಬಾಕೀ ಬಾಸಷ್ಟಚಂ ಕಾಯ?’ ಎಂದರು. ಒಂದು ಹೋಯಿತು, ಉಳಿದ ಅರವತ್ತೆರಡರ ಗತಿ ಏನು ಎಂದು. ಎಂಟು ದಿನ ಕೊಡುತ್ತೇನೆ, ಯಾರು ಯಾರು ಹಿಂದೆ ತೆಗೆದುಕೊಳ್ಳುತ್ತಾರೋ ಬರೆಸಿಕೊಂಡು ಬಾ ಅಂದರು.

ಎಂಟು ದಿನ ಬಾಗಿಲು ಬಾಗಿಲಿಗೆ ಹೋದೆ ಅಕ್ಕೋರೆ. ಟ್ಯೂಬು ಹಾಕಿಕೊಂಡು ಹೊಸ್ತಿಲ ಮೇಲೆ ಕೂತು, ‘ನನಗ ಓದಾಕ ಬರೂದಿಲ್ಲ’ ಎಂದು ಶುರು ಮಾಡುತ್ತಿದ್ದೆ. ಐವತ್ತು ವರ್ಷ ಮುಚ್ಚಿಟ್ಟ ಮಾತನ್ನು ಅರವತ್ತೆರಡು ಸಲ ಹೇಳುವುದೆಂದರೆ ಅರವತ್ತೆರಡು ಮನೆಯ ಮುಂದೆ ಸೆರಗು ಬಿಚ್ಚಿ ನಿಂತ ಹಾಗೆ. ಅನಸೂಯಾ ಕೇಳಿದವಳೇ, ‘ಹಂಗಾದ್ರ ಆ ಕಾರ್ಡು? ಅಚ್ಚು ಹಾಕಿದಂವ ಕುರುಡ ಅಲ್ಲೇನು?’ ಎಂದಳು. ಅಲ್ಲ ಅಂದೆ. ‘ರೇಷ್ಮಿ ಸೀರಿ ಉಟ್ಟು ಹೋಗಿದ್ನೆಲ್ಲೇ ಹಲ್ಕಟ್ ಮುದುಕಿ,’ ಎಂದು ಬೈದು, ನಗುತ್ತ, ಸಹಿ ಹಿಂದೆ ತೆಗೆದುಕೊಂಡಳು.

ಎಲ್ಲರೂ ನಗಲಿಲ್ಲ. ಕೊನೆಯ ಖೋಲಿಯ ಜಯಶೀಲ, ದಿನಾ ಪೂಜೆ ಮುಗಿಸದೆ ನೀರು ಮುಟ್ಟದವನು, ಅನಘಳಿಂದ ಅರ್ಜಿಯನ್ನು ಪೂರ್ತಿ ಓದಿಸಿ ಕೇಳಿದ. ‘ನೀ ತಪ್ಪು ಓದಿದ್ದಿ ಖರೆ. ಆದ್ರ ನನ್ನ ಸಹಿ ತಪ್ಪಲ್ಲ ಆಯಿ. ಇದನ್ನ ನನ್ನ ಮಗಳಿಗೆ ಕಲಿಸೂದು ನನಗ ಬ್ಯಾಡ,’ ಅಂದ. ತಿಳಿದು ಬೇಡ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ನೀವೂ ಇಟ್ಟುಕೊಳ್ಳಬೇಡಿ. ನಾನು ಮಾಡದ ಕೆಲಸವನ್ನು ಅವನು ಮಾಡಿದ, ಓದಿಸಿ ಕೇಳಿ ಹೇಳಿದ. ಇನ್ನು ಹಲವರು ಕಣ್ಣು ತಪ್ಪಿಸಿ ‘ನಂಬರ್ ಬರಲಿ ಆಯಿ, ಆಮ್ಯಾಲೆ ನೋಡೂಣು’ ಎಂದರು. ಸಿಟ್ಟು ಬಂದದ್ದು ಅವರ ಮೇಲೆ, ಅದೂ ಅರ್ಧ.

ಅಂಬಾದಾಸ ನಲ್ಲಿಯ ಹತ್ತಿರ ಸಿಕ್ಕ. ‘ನಾ ಏನರ ಸುಳ್ಳು ಹೇಳೀನೇನು ಆಯಿ? ಓದಿದಾಕಿ ನೀನ,’ ಅಂದ.

‘ನಾ ತಪ್ಪು ಓದಿದೆ. ನೀ ಅದನ್ನ ಕೇಳಿ ಸುಮ್ಮಕಿದ್ದಿ. ಯಾವ್ದು ದೊಡ್ಡದು ಅಂತ ನಿನ್ನ ಪಟ್ಟಿ ಹಿಡಿದು ನೀನ ಅಳಿ.’

‘ಮಂಗ್ಯಾನ ಬಳಗ ಅಂದ್ರ ನಿನಗ ಸಿಟ್ಟ ಬರೂದಿಲ್ಲ?’

‘ಹನುಮಪ್ಪನ ಕಟ್ಟಿ ಮ್ಯಾಲ ಕುಂತು ಅಕ್ಷರ ಕಲ್ತಾಕಿ ನಾ. ನೀನೂ ಶನಿವಾರಕ್ಕೊಮ್ಮೆ ಎಣ್ಣಿ ಹಚ್ಚಿ ಅಡ್ಡ ಬೀಳ್ತಿ. ಕೈ ಮುಗಿಯೂ ಮುಂದ ದೊಡ್ಡಾವ, ಬಳಗ ಅನ್ನೂ ಮುಂದ ಸಣ್ಣಾವ ಆದ್ನೇನು ಆಂವ?’

ನೀರು ತುಂಬುವ ಹೆಂಗಸರು ನಕ್ಕರು. ಅವನು ನಗಲಿಲ್ಲ. ಮರುದಿನ ನಂಬರು ಬರೆಯುವವರು ಬಂದರು. ಈ ಕಡೆಯ ಬಾಗಿಲಿಗೆ ಬರೆದರು, ಆ ಕಡೆಯ ಬಾಗಿಲಿಗೆ ಬರೆದರು. ನಮ್ಮದನ್ನು ದಾಟಿ ಹೋದರು.

ಸುನಿಲ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಎಂಟನೇ ದಿನ ನಾನು ಇಪ್ಪತ್ತಾರು ಹೆಸರಿನ ಹಾಳೆ ಮಡಚುತ್ತಿದ್ದಾಗ ಕೆಲಸದಿಂದ ಬಂದ. ಕೈ ತೊಳೆಯದೆ ಹಾಗೆಯೇ ಹಾಳೆ ಕಿತ್ತುಕೊಂಡು ಕೆಳಗೆ ಬರೆದ. ಅವನ ಹೆಸರಿನ ಮೇಲೆ ಗ್ರೀಸಿನ ಹೆಬ್ಬೆರಳು ಮೂಡಿದೆ. ಇಪ್ಪತ್ತೇಳು. ನಾನು ಸೇರಿ ಇಪ್ಪತ್ತೆಂಟು.

ಸಾಲಲಿಲ್ಲ. ಸಾಹೇಬರು ನಿಮ್ಮ ತಪ್ಪಿಲ್ಲ ಎಂದು ಬರೆದರು, ಪಾಠ ಪುಸ್ತಕದಲ್ಲೇ ಇದೆ ಎಂದು ಬರೆದರು, ಆದರೆ ಓಣಿಯಲ್ಲಿ ಶಾಂತಿ ಇರಲಿ ಎಂದು ನಿಮ್ಮನ್ನು ಕಲ್ಯಾಣಕ್ಕೆ ಕಳಿಸಿದರು. ತಪ್ಪಿಲ್ಲದವರನ್ನು ಕಳಿಸಿದರೆ ಯಾರ ಶಾಂತಿ ಉಳಿಯುತ್ತದೆ ಎಂದು ನಾನು ಕೇಳಿದೆ. ಅವರು ಫೈಲು ಮುಚ್ಚಿದರು. ಇಲ್ಲಿ ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹತ್ತನೇ ಪರೀಕ್ಷೆಗೆ ತಿಂಗಳೂ ಉಳಿದಿಲ್ಲ, ವಿಜ್ಞಾನದ ಹೊತ್ತಿನಲ್ಲಿ ಮಕ್ಕಳು ಕಿಟಕಿಯಲ್ಲಿ ನಿಂತು ಲಾರಿ ನೋಡುತ್ತಾರೆ. ಅಂಬಾದಾಸ ನಾಲ್ಕು ರಸ್ತೆ ಕೂಡುವ ನಾಕೆಯ ಮೇಲೆ ದೊಡ್ಡ ಬ್ಯಾನರು ಕಟ್ಟಿಸಿದ್ದಾನೆ. ಈ ಸಲ ಬೆರಳಿಲ್ಲದೆಯೂ ಓದಿದೆ, ಅಕ್ಷರ ಅಷ್ಟು ದೊಡ್ಡದಿತ್ತು. ‘ವಾರ್ಡಿನ ವಿಕಾಸಕ್ಕೆ ಅಂಬಾದಾಸ.’ ನಮ್ಮ ಮಕ್ಕಳಿಗೆ ಬೇಡವಾದದ್ದು ಅವನೊಬ್ಬನಿಗೆ ಬೇಕಾಗಿದೆ.

ಆ ಪಾಠವನ್ನು ನಾನು ಓದಿದೆ, ಅಕ್ಕೋರೆ. ಅನಘಳ ಪುಸ್ತಕದಲ್ಲಿ, ಅವಳ ಬೆರಳಿನ ಹಿಂದೆ ನನ್ನ ಬೆರಳು. ಹಾರಿದರೆ ಅವಳು ಕೈ ಮೇಲೆ ಹೊಡೆಯುತ್ತಾಳೆ. ಹತ್ತೊಂಬತ್ತು ದಿನ ಹಿಡಿಯಿತು. ಎಲ್ಲ ತಿಳಿಯಿತು ಎಂದರೆ ಮತ್ತೆ ಹಳೆಯ ಸಾಬವ್ವನೇ ಆಗುತ್ತೇನೆ. ಜೋಳದ್ದು ತಿಳಿಯಿತು. ಬೆನ್ನಿನ ತುದಿಯ ಎಲುಬು ಎಲ್ಲಿಂದ ಬಂತೆಂದು ತಿಳಿಯಿತು, ಆ ಡಾಕ್ಟರನ್ನು ಬೈದದ್ದು ತಪ್ಪಾಯಿತು. ಉಳಿದದ್ದನ್ನು ಕೇಳಲು ನೀವು ಬೇಕಿತ್ತು. ನಾನು ಕಳೆದದ್ದು ಏನೆಂದು ಓದಿದ ಮೇಲೆಯೇ ಗೊತ್ತಾಯಿತು. ಅನಘ ಒಬ್ಬಳೇ ಓದಿಕೊಂಡು ಪರೀಕ್ಷೆಗೆ ಕೂರುತ್ತಾಳೆ. ಆ ಪ್ರಶ್ನೆ ಬಂದರೆ ಬಿಡುವುದಿಲ್ಲ ಎಂದಿದ್ದಾಳೆ.

ಇಷ್ಟು ಅನಘ ಬರೆದದ್ದು. ಬರೆದದ್ದನ್ನು ನಾನು ಬೆರಳಿಟ್ಟು ಎರಡು ಸಲ ಓದಿದ್ದೇನೆ. ಇನ್ನು ಕೆಳಗಿನದು ನನ್ನ ಕೈಬರಹ. ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲ, ಹಾಗಾಗಿ ಒತ್ತು ಇಲ್ಲದ ಮಾತುಗಳನ್ನೇ ಆರಿಸಿದ್ದೇನೆ, ಅವ್ವ ತೆನೆ ಆರಿಸಿದ ಹಾಗೆ. ಕೊನೆಗೆ ಬರುವ ಒಂದು ಒತ್ತು ನನ್ನ ಹೆಸರಿನದು. ಅದೊಂದು ಮಾತ್ರ ಮೊದಲಿಂದ ಬರುತ್ತದೆ.

ವಿನೋದಾ ತಾಯಿ,

ಅಂದು ಓದದೆ ಸಹಿ ಹಾಕಿದೆ. ಇಂದು ಓದಿ ಹಾಕುವೆ. ಜೀವ. ಇದು ನಾನು ಹಾರದೆ ಓದಿದ ಮಾತು. ಪಾಠ ಬಿಡಬೇಡಿ. ಕರೆದರೆ ಜೋಳದ ತೆನೆ ತರುವೆ. ಈ ಸಲ ಪೂರಾ ಕೇಳಿ ಏಳುವೆ. ನೀವು ನೂರು ಕಾಲ ಕಲಿಸಿರಿ, ನಗುತ ಬಾಳಿರಿ.

ಸಾಬವ್ವ